ಐದನೆಯ ಕೈ

ಭುವನೇಶ್ವರಿ ತೀರಿಕೊಂಡು ಏಳು ವಾರವಾಯಿತು. ಇಂಗ್ಲೆಂಡಿನ ಹ್ಯಾರೋದ ನಮ್ಮ ಕನ್ನಡ ಬಳಗದಲ್ಲಿ ಎಲ್ಲರಿಗೂ ಅವಳು ಭುವನಕ್ಕ, ನನಗೆ ಮಾತ್ರ ಭುವನಾ. ವಿಜಯಪುರದ ಕಡೆಯವಳು. ಇಪ್ಪತ್ತೆರಡು ವರ್ಷ ಇಲ್ಲಿನ ಆಸ್ಪತ್ರೆಯೊಂದರಲ್ಲಿ ರೋಗಿಗಳ ರಕ್ತ ತೆಗೆಯುವ ಕೆಲಸ ಮಾಡಿದಳು. ಅವಳು ಮಾತಾಡಿಸುತ್ತಲೇ ಸೂಜಿ ಚುಚ್ಚಿ ತೆಗೆದಾಗಿರುತ್ತಿತ್ತು.

ಗಂಡ ಶೇಖರಪ್ಪ ಹೋದ ಮೇಲೆ ಮಂಗಳವಾರ ಸಂಜೆ ಹತ್ತಿರದ ಚರ್ಚ್ ಹಾಲ್‌ನಲ್ಲಿ ನಡೆಯುವ ಇಂಗ್ಲಿಷರ ಜನಪದ ಕುಣಿತಕ್ಕೆ ಹೋಗತೊಡಗಿದಳು. ಅಲ್ಲಿ ಒಬ್ಬರು ಮೈಕ್ ಹಿಡಿದು ಮುಂದಿನ ಹೆಜ್ಜೆ ಏನೆಂದು ಕೂಗುತ್ತಾರೆ, ಉಳಿದವರು ಹಾಗೆ ಕುಣಿಯುತ್ತಾರೆ. ಎರಡು ವರ್ಷದಲ್ಲಿ ಆ ಮೈಕ್ ಅವಳ ಕೈಗೂ ಬಂತು. ಆಮೇಲೆ ನಮ್ಮ ಬಳಗಕ್ಕೆಂದು ತನ್ನದೇ ಒಂದು ಸುತ್ತು ಕುಣಿತ ಕಟ್ಟಿದಳು. ಅದಕ್ಕಾಗಿ ಒಂದಿಡೀ ಚಳಿಗಾಲ ಅವಳ ಊಟದ ಮೇಜಿನ ಮೇಲೆ ಕುಣಿಯುವವರ ಬದಲಿಗೆ ಶೇಂಗಾ ಬಲಕ್ಕೂ ಹುಣಸೆಬೀಜ ಎಡಕ್ಕೂ ಓಡಾಡಿದವು. ಕೋಲಾಟದ ಹೆಜ್ಜೆ, ಇಂಗ್ಲಿಷರ ಸರಪಳಿ. ಜೋಡಿಯಲ್ಲಿ ಒಬ್ಬರು ಹಸಿರು ಪಟ್ಟಿ ಕಟ್ಟಿಕೊಂಡು ಒಂದು ದಿಕ್ಕಿಗೆ, ಇನ್ನೊಬ್ಬರು ಎದುರು ದಿಕ್ಕಿಗೆ. ಜೋಡಿಗೆ ಬಲಗೈ ಕೊಟ್ಟು ಬಿಡಬೇಕು, ಮುಂದೆ ಬಂದವರಿಗೆ ಎಡಗೈ, ಹೀಗೆ ನಾಲ್ಕು ಕೈ ದಾಟಿ ಐದನೆಯ ಕೈ ಹಿಡಿಯಬೇಕು. ಅವರೇ ಹೊಸ ಜೋಡಿ. ಅವರ ಜೊತೆ ಹದಿನಾರು ಹೆಜ್ಜೆ ನಡೆದು ಮತ್ತೆ ಸರಪಳಿ.

ಕೇಳಲು ಸುಲಭ. ನಮ್ಮವರಿಂದ ಮಾತ್ರ ಆಗುತ್ತಿರಲಿಲ್ಲ. ಮೂರನೆಯ ಕೈಗೆ ಯಾರದೋ ಅತ್ತೆ ಸಿಕ್ಕರೆ ಸೊಸೆ ನಿಂತು ಕಾಲಿಗೆ ಬಗ್ಗುವಳು. ಹಿಂದೆ ಬರುತ್ತಿದ್ದ ಡಾಕ್ಟರರು ಅವಳನ್ನು ಎಡವುವರು. ಧಾರವಾಡದವರೊಬ್ಬರಿಗೆ ಬೆಳಗಾವಿಯವರು ಸಿಕ್ಕರೆ ಕೈ ಹಿಡಿದೇ ಬೀಗರ ವಿಚಾರ ಶುರುವಾಗುವುದು. ಕೊನೆಗೆ ಭುವನಾ ಉಪಾಯ ಮಾಡಿದಳು. ಸಂಗೀತ ಹಾಕುವ ಮೊದಲು ಐದು ನಿಮಿಷ ಬಿಟ್ಟು ಮೈಕ್‌ನಲ್ಲಿ ಹೇಳುವಳು: "ಕಾಲಿಗೆ ಬೀಳೋದು, ಬೀಗತನ ಕೇಳೋದು, ಎಲ್ಲಾ ಈಗs ಮುಗಿಸ್ರಿ. ಸುತ್ತು ಚಾಲೂ ಆತಂದ್ರ ನಿಮ್ಮ ಅತ್ತಿನೂ ಒಂದು ಕೈ ಅಷ್ಟ." ಜನ ನಗುತ್ತ ನಮಸ್ಕಾರ ಮುಗಿಸುವರು. ಆಮೇಲೆ ಸುತ್ತು ತುಂಡಾಗುತ್ತಿರಲಿಲ್ಲ. ಎಂಟು ವರ್ಷ ರಾಜ್ಯೋತ್ಸವದ ದಿನ ಅವಳು ಹೀಗೆ ಕೂಗಿದಳು. ವರ್ಷದಲ್ಲಿ ಅವಳು ಕಾಯುತ್ತಿದ್ದುದು ಅದೊಂದೇ ದಿನಕ್ಕೆ.

ಕಳೆದ ಅಕ್ಟೋಬರ್‌ನಲ್ಲಿ ಸಮಿತಿಯ ಸಭೆಯಲ್ಲಿ ಕಾರ್ಯದರ್ಶಿ ಅಚಿಂತ್ಯ ಈ ಸಲ ಬಳಗದ ಹುಡುಗಿ ನಿಖಿತಾ ಕೂಗಲಿ ಎಂದರು. ಮಕ್ಕಳಿಗೆ ಭುವನಕ್ಕನ ಭಾಷೆ ತಿಳಿಯುವುದಿಲ್ಲ, ಊರಿನ ಕೌನ್ಸಿಲ್‌ನವರೂ ಅತಿಥಿಗಳಾಗಿ ಬರುತ್ತಾರೆ, ಇಂಗ್ಲಿಷಿನಲ್ಲಿ ಇರಲಿ ಎಂಬುದು ಅವರ ವಾದ. ನಾನೂ ಸಮಿತಿಯಲ್ಲಿದ್ದೆ, ಕೈ ಎತ್ತಿದೆ. ಅವಳಿಗೆ ತಿಳಿಸುವ ಕೆಲಸ, ಗೆಳತಿ ಎಂದು, ನನಗೇ ಬಂತು.

ನಾನು ತಿಳಿಸಲಿಲ್ಲ. ನಿಖಿತಾಗೆ ಕುಣಿತ ಹೇಳಿಕೊಡು, ನಿನಗೆ ನೆರವಾಗುತ್ತಾಳೆ ಎಂದಷ್ಟೇ ಹೇಳಿದೆ. ಮೂರು ಶನಿವಾರ ಭುವನಾ ಆ ಹುಡುಗಿಗೆ ಪ್ರತಿ ಕೈಯನ್ನೂ ಹೇಳಿಕೊಟ್ಟಳು. ಅಚಿಂತ್ಯ ಕೇಳಿದಾಗ, ಹೇಳಿದ್ದೇನೆ, ಒಪ್ಪಿದ್ದಾಳೆ ಎಂದುಬಿಟ್ಟೆ. ನಾಳೆ ಹೇಳಿದರಾಯಿತು ಅಂದುಕೊಳ್ಳುತ್ತಲೇ ನವೆಂಬರ್ ಬಂತು.

ರಾಜ್ಯೋತ್ಸವದ ದಿನ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ವೇದಿಕೆ ಹತ್ತಿದಳು. ಮೈಕ್ ನಿಖಿತಾಳ ಕೈಯಲ್ಲಿತ್ತು. "ಥ್ಯಾಂಕ್ಯೂ ಸೋ ಮಚ್ ಆಂಟಿ, ನನಗೆ ಬಿಟ್ಟುಕೊಟ್ಟಿದ್ದಕ್ಕೆ," ಎಂದು ಆ ಹುಡುಗಿ ಅವಳನ್ನು ತಬ್ಬಿಕೊಂಡಳು. ನಿಖಿತಾಗೆ ಏನೂ ಗೊತ್ತಿರಲಿಲ್ಲ. ಅಚಿಂತ್ಯ ಅತಿಥಿಗಳಿಗೆ, ಇದು ಉತ್ತರ ಕರ್ನಾಟಕದ ಹಳ್ಳಿಗಳ ಪುರಾತನ ಕುಣಿತ ಎಂದು ಪರಿಚಯಿಸಿದರು. ಭುವನಾ ಕೆಳಗಿಳಿದು, ಒಂದು ಹಸಿರು ಪಟ್ಟಿ ಕಟ್ಟಿಕೊಂಡು ಸುತ್ತಿನಲ್ಲಿ ನಿಂತಳು.

ಎರಡನೆಯ ಸರಪಳಿಯಲ್ಲಿ ನನ್ನ ಐದನೆಯ ಕೈಗೆ ಅವಳು ಬಂದಳು. ಜೊತೆಯಲ್ಲಿ ನಡೆಯತೊಡಗಿದೆವು.

"ನಿನಗ ಮೊದಲs ಗೊತ್ತಿತ್ತೇನು?"

"ಆಮೇಲೆ ಹೇಳ್ತೀನಿ ಕಣೆ."

"ಹದಿನಾರು ಹೆಜ್ಜಿ ಅದಾವ. ಈಗs ಹೇಳು."

"ಗೊತ್ತಿತ್ತು. ನಾನೇ ನಿನಗೆ ಹೇಳಬೇಕಾಗಿತ್ತು."

ಹೆಜ್ಜೆ ಮುಗಿದವು, ಬಲಗೈ ಕೊಟ್ಟು ದಾಟಿ ಹೋದಳು. ನಿಖಿತಾ ನಮಸ್ಕಾರದ ಐದು ನಿಮಿಷ ಬಿಟ್ಟಿರಲಿಲ್ಲ, ಅದು ಯಾಕೆ ಬೇಕೆಂದು ಆ ಹುಡುಗಿಗೆ ತಿಳಿಯುವ ಹಾಗಿರಲಿಲ್ಲ. ಮುಂದಿನ ಸರಪಳಿಯಲ್ಲಿ ಎರಡು ಕಡೆ ಯಾರೋ ಕಾಲಿಗೆ ಬಗ್ಗಿದರು, ಸುತ್ತು ಗಂಟಾಗಿ ನಿಂತಿತು. ಎಲ್ಲರೂ ಭುವನಾಳ ಕಡೆ ನೋಡಿದರು. ಅಚಿಂತ್ಯ ಓಡಿಬಂದು ಅವಳಿಗೆ ಮೈಕ್ ಚಾಚಿದರು.

"ನಿಖಿತಾಗ ಕೊಡ್ರಿ," ಎಂದಳು. "ಆಕಿಗೆ ಎಲ್ಲಾ ಗೊತ್ತೈತಿ."

ಪಟ್ಟಿ ಬಿಚ್ಚಿ ಕುರ್ಚಿಯ ಮೇಲೆ ಮಡಚಿಟ್ಟು, ಕೋಟು ಹಾಕಿಕೊಂಡು ಹೊರಟಳು. ಬಸ್ ಸ್ಟಾಪಿನ ತನಕ ಹಿಂದೆ ಹೋದೆ. ಚಳಿ ಐತಿ, ಒಳಗ ಹೋಗು ಎಂದಳು, ಅಷ್ಟೇ. ಆಮೇಲೆ ಫೋನ್ ಮಾಡಿದರೆ ಎತ್ತುತ್ತಿದ್ದಳು. ಆರೋಗ್ಯ, ಹವೆ, ಜಿಪಿ ಡಾಕ್ಟರರ ಅಪಾಯಿಂಟ್‌ಮೆಂಟ್ ಸಿಗದ ಕಷ್ಟ, ಎಲ್ಲ ಮಾತಾಡುತ್ತಿದ್ದಳು. ಆ ದಿನದ ಮಾತು ನಾನು ಎತ್ತಿದಾಗೆಲ್ಲ ಒಲೆ ಮೇಲೆ ಏನೋ ಇಟ್ಟಿದ್ದು ನೆನಪಾಗುತ್ತಿತ್ತು ಅವಳಿಗೆ. ಮಂಗಳವಾರದ ಕುಣಿತಕ್ಕೂ ಹೋಗುವುದನ್ನು ಬಿಟ್ಟಳು ಎಂದು ಚರ್ಚ್ ಹಾಲ್‌ನವರಿಂದ ತಿಳಿಯಿತು. ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಕುಸಿದುಬಿದ್ದಳು. ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಮೂರು ದಿನ ಪಕ್ಕದಲ್ಲಿ ಕುಳಿತಿದ್ದೆ, ಅವಳಿಗೆ ಎಚ್ಚರವಾಗಲಿಲ್ಲ.

ಬಳಗದ ಸಂಚಿಕೆಗೆ ಅವಳ ಬಗ್ಗೆ ಒಂದು ಪುಟ ಬರೆಯಿರಿ ಎಂದು ಅಚಿಂತ್ಯ ಕೇಳಿದ್ದಾರೆ. ಮಾದರಿಗೆಂದು ತಾವೇ ಒಂದು ಸಾಲು ಬರೆದು ಕಳಿಸಿದ್ದಾರೆ: ಭುವನಕ್ಕ ತಮ್ಮ ಕುಣಿತವನ್ನು ಸಂತೋಷದಿಂದ ಮುಂದಿನ ಪೀಳಿಗೆಗೆ ಒಪ್ಪಿಸಿ ಹೋದರು. ಅವರು ಹಾಗೆ ನಂಬಿರುವುದಕ್ಕೂ ನಾನೇ ಕಾರಣ. ಆ ಸಾಲು ಸುಳ್ಳು. ಅವಳು ಒಪ್ಪಿಸಲಿಲ್ಲ, ಅವಳನ್ನು ಯಾರೂ ಕೇಳಲೇ ಇಲ್ಲ. ಆ ಕುಣಿತ ಯಾವ ಹಳ್ಳಿಯದೂ ಅಲ್ಲ, ಹ್ಯಾರೋದಲ್ಲಿ ಭುವನೇಶ್ವರಿ ಕಟ್ಟಿದ್ದು. ಅಚ್ಚು ಹಾಕುವುದಾದರೆ ಇದನ್ನು ಇದ್ದ ಹಾಗೆ ಹಾಕಿ.