ಹಾಡದೆ ಸಾಯಲಾರದ ಶಿವನಪ್ಪ

ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಊರಿನ ಮಸಣಗಳಲ್ಲಿ ಮಲಗಿದವರನ್ನೆಲ್ಲ ಎಬ್ಬಿಸಿ ಸಾಲಾಗಿ ನಿಲ್ಲಿಸಿದರೂ, ಅವರೆಲ್ಲ ಸೇರಿ ಸತ್ತದ್ದಕ್ಕಿಂತ ಹೆಚ್ಚು ಸಲ ಸೂಡಿಯ ಶಿವನಪ್ಪನೊಬ್ಬನೇ ಸತ್ತಿದ್ದಾನೆ. ಅದೂ ಜ್ವರ ಬಂದು, ಗಂಜಿ ಕುಡಿದು, ಹಾಸಿಗೆಯಲ್ಲಿ ಸಾಯುವ ಸಪ್ಪೆ ಸಾವಲ್ಲ. ಗಂಟಲಿಗೆ ಕುಡುಗೋಲು ಹಾಕಿಸಿಕೊಂಡು, ರಂಗದ ಹಲಗೆ ತೊಯ್ಯುವಷ್ಟು ಕುಂಕುಮದ ನೀರು ಸುರಿಸಿ, ನೆರೆದ ಹೆಂಗಸರಿಂದ ಹೊಟ್ಟೆ ತುಂಬ ಬೈಸಿಕೊಂಡು ಸಾಯುವ ಸಾವು.

ಹಗಲಿಗೆ ಅವನದು ಹಿಟ್ಟಿನ ಗಿರಣಿ. ಗಿರಣಿಯ ಗದ್ದಲವನ್ನು ಮೀರಿ ಮಾತಾಡಿ ಮಾತಾಡಿ ಗಂಟಲು ಎಂಥದಾಗಿತ್ತೆಂದರೆ, ಅವನು ಸೂಡಿಯಲ್ಲಿ ಸೀನಿದರೆ ಗಜೇಂದ್ರಗಡದ ಹಾದಿಯಲ್ಲಿ ಬಸ್ಸಿನ ಡ್ರೈವರು ಹಿಂದೆ ಲಾರಿ ಬಂತೆಂದು ಪಕ್ಕಕ್ಕೆ ಸರಿಯುತ್ತಿದ್ದ. ಮುಖಕ್ಕೆ ಬೇರೆ ಪೌಡರು ಬೇಕಿರಲಿಲ್ಲ. ಗಿರಣಿಯಿಂದ ಎದ್ದು ಬಂದು, ಜೋಳದ ಹಿಟ್ಟಿನ ಮುಖದ ಮೇಲೆ ಕಾಡಿಗೆಯ ಮೀಸೆ ಎಳೆದರೆ ಮುಗಿಯಿತು. ಎದುರಿಗೆ ನಿಂತವರಿಗೆ ಬೆನ್ನು ಹುರಿಯಲ್ಲಿ ಇರುವೆ ಹರಿಯುತ್ತಿತ್ತು.

ನಾಟಕದ ಹೆಸರು 'ಗೌಡನ ಗಂಟಲಿಗೆ ಗರತಿಯ ಕುಡುಗೋಲು'. ಶಿವನಪ್ಪ ಅದರ ದುಷ್ಟ ಗೌಡ. ರಾತ್ರಿಯೆಲ್ಲ ಗೌಡ ಗುಡಿಸಲು ಸುಡುತ್ತಾನೆ, ಬಾವಿಗೆ ವಿಷ ಹಾಕುತ್ತಾನೆ, ಗರತಿಯ ಗಂಡನನ್ನು ಎತ್ತಿನ ಗಾಡಿಗೆ ಕಟ್ಟಿ ಎಳೆಸುತ್ತಾನೆ. ಸರಿಯಾಗಿ ಹೊತ್ತು ಮೂಡುವಾಗ ಗರತಿ ಸೊಂಟದ ಕುಡುಗೋಲು ಎಳೆದು ಅವನ ಗಂಟಲಿಗೆ ಹಾಕುತ್ತಾಳೆ. ಗೌಡ ಬೀಳುತ್ತಾನೆ, ಹಾಡುತ್ತಾನೆ, ಸಾಯುತ್ತಾನೆ.

ಗರತಿ ಯಾವತ್ತೂ ಗದಗಿನ ಕರಿಯವ್ವ. ಕುಡುಗೋಲಿನ ಅಲಗು ಮೊಂಡ ಮಾಡಿದ್ದರೂ ಕರಿಯವ್ವನ ಕೈ ಮೊಂಡಾಗಿರಲಿಲ್ಲ. ನರಗುಂದದಲ್ಲಿ ಶಿವನಪ್ಪನ ಕಿವಿಯ ತುದಿ ಹೋಯಿತು. ಹೊಳೆಆಲೂರಿನಲ್ಲಿ ಉದುರಿದ ಮುಂದಿನ ಹಲ್ಲು ಮಲಪ್ರಭೆಯ ಮಹಾಪೂರದಲ್ಲಿ ತೇಲಿ ಕೂಡಲಸಂಗಮ ಸೇರಿ, ಅವನಿಗಿಂತ ಮೊದಲು ಮುಕ್ತಿ ಪಡೆಯಿತು.

ಒಂದು ಸಾವಿಗೆ ಮುಗಿಯುತ್ತಲೂ ಇರಲಿಲ್ಲ. ಈ ಸೀಮೆಯಲ್ಲಿ ಹಾಡು ಮನಸ್ಸಿಗೆ ಬಂದರೆ ಜನ 'ವನ್ಸ್ ಮೋರ್' ಅನ್ನುತ್ತಾರೆ. ಅಂದ ಮೇಲೆ ಹಾಡಲೇಬೇಕು. ಹಾಡದೆ ಪರದೆ ಎಳೆದ ಕಂಪನಿಯವರು ತಮ್ಮ ಪರದೆಯನ್ನು ಮರಳಿ ಕಂಡದ್ದಿಲ್ಲ. ಹಾಗಾಗಿ ಸತ್ತ ಗೌಡ ಎದ್ದು ಕೂತು, ಬಾಯೊಳಗಿನ ಧೂಳು ಉಗುಳಿ, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರನಿಗೆ ಸನ್ನೆ ಮಾಡಿ, "ಹೂಂ, ಹಾಕವ್ವಾ" ಅನ್ನುತ್ತಿದ್ದ. ಕರಿಯವ್ವ ಮತ್ತೆ ಹಾಕುತ್ತಿದ್ದಳು. ಬಿಸಿಲು ನೆತ್ತಿಗೇರುವ ತನಕ ಸತ್ತದ್ದೂ ಉಂಟು.

ಆ ಹಾಡಾದರೂ ಎಂಥದು! ದುಷ್ಟ ಗೌಡ ಸಾಯುವಾಗ ತನ್ನನ್ನು ಕೊಂದವಳನ್ನೇ ಹರಸುತ್ತಾನೆ:

ಕೊಯ್ದ ಕೈಗೆ ಬಳಿ ಇಡಸ್ರೆವ್ವಾ
ನನ್ನ ಕೊಂದ ತಂಗಿಗೆ ಸೀರಿ ಉಡಸ್ರೆವ್ವಾ

ರಾತ್ರಿಯೆಲ್ಲ ಅವನ ಹೆಣ ಬೀಳಲಿ ಎಂದವರು ಈ ಎರಡು ಸಾಲಿಗೆ ಸೆರಗು ಬಾಯಿಗೆ ಹಿಡಿಯುತ್ತಿದ್ದರು. ಶಿವನಪ್ಪನಿಗೆ ಅದು ಬರೀ ಹಾಡಲ್ಲ, ಮೈಗಾವಲು. ಅದಿಲ್ಲದಿದ್ದರೆ ಏನಾಗುತ್ತದೆಂದು ಅವನಿಗೆ ಮೆಣಸಗಿಯಲ್ಲಿ ಗೊತ್ತಾಗಿತ್ತು. ಅಲ್ಲಿ ಒಂದು ವರ್ಷ ಗೌಡ ಸಾಯುವ ಮೊದಲೇ ಮಳೆ ಬಂದು ನಾಟಕ ನಿಂತಿತು. ಹಾಡಿಲ್ಲದ ಗೌಡ ಬೆಳಿಗ್ಗೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಮಾನವ್ವನೆಂಬ ಮುದುಕಿ ಬಂದು, "ಬಾವ್ಯಾಗ ವಿಷಾ ಹಾಕ್ತೀ ಏನೋ ಮುಕಳ್ಯಾ?" ಎಂದು ಕಾಲಿನ ಚಪ್ಪಲಿ ಬಿಚ್ಚಿದಳು. ಹಿಂದೆಯೇ ಊರ ಹೆಂಗಸರೆಲ್ಲ ಬಿಚ್ಚಿದರು. ಶಿವನಪ್ಪ ಚಪ್ಪಲಿಗಳ ನಡುವೆಯೇ ನೆಲಕ್ಕೆ ಬಿದ್ದು, ಪೇಟಿಯಿಲ್ಲದೆ, ಶ್ರುತಿಯಿಲ್ಲದೆ, ಬಾತ ತುಟಿಯಿಂದ ಹಾಡು ಎತ್ತಿದ. ಎರಡನೇ ಸಾಲಿಗೆ ಹೊಡೆತಗಳು ನಿಂತವು. ಮೂರನೆಯದಕ್ಕೆ ಮಾನವ್ವ ಅಳುತ್ತ, ಅದೇ ಚಪ್ಪಲಿ ಹಿಡಿದ ಕೈಯಿಂದ ಅವನ ಕಣ್ಣು ಒರೆಸಿದಳು. ಅಂದಿನಿಂದ ಅವನು ಎಲ್ಲಿ ಸತ್ತರೂ ಆಕೆ ರೊಟ್ಟಿ ಕಟ್ಟಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂಡುತ್ತಾಳೆ.

ಶಿವನಪ್ಪನಿಗೆ ಒಬ್ಬ ಜೀವದ ಗೆಳೆಯನಿದ್ದ, ಪ್ರಾಣೇಶ. ನರಗುಂದದವ, ಗಜೇಂದ್ರಗಡದಲ್ಲಿ ಫೋಟೋ ಸ್ಟುಡಿಯೋ ಇಟ್ಟವ. ರೋಣದ ಸಾಲಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಒಬ್ಬರಿಗೊಬ್ಬರು ಕೈವಾರ ಚುಚ್ಚಿದ ಸ್ನೇಹ. ಪ್ರಾಣೇಶನದೆಲ್ಲ ಸಿನಿಮಾ. ಗಜೇಂದ್ರಗಡದ ಬಸ್ ನಿಲ್ದಾಣದ ಎದುರಿನ ಗೌಸುಸಾಬನ ಚಹಾದಂಗಡಿಯಲ್ಲಿ ದಿನಾ ಬೆಳಿಗ್ಗೆ ಮೆಚ್ಚಿನ ನಾಟಕ ಯಾವುದು, ಅದನ್ನು ಸಿನಿಮಾ ಮಾಡಿದವರು ಉಳಿಸಿದ್ದೇನು, ಕೆಡಿಸಿದ್ದೇನು ಎಂಬ ಮಾತು ಏಳುತ್ತಿತ್ತು.

"ನನಗ 'ಅತ್ತಿಗಿ ಹೊತ್ತ ಬೆಂಕಿ' ಸೇರತಿತ್ತು ನೋಡ್ರಿ," ಎನ್ನುತ್ತಿದ್ದ ಗೌಸುಸಾಬ, ಚಹಾ ಎತ್ತಿ ಸುರಿಯುತ್ತ. "ನಾಟಕದಾಗ ಬೆಂಕಿ ಸುಳ್ಳು, ಹಾಡ ಖರೇ. ಸಿನಿಮಾದಾಗ ಬೆಂಕಿ ಖರೇ, ಹಾಡ ಮತ್ತೊಬ್ಬಾಕೀದು."

"ಏ ಗೌಸುಸಾಬ, ನಾಟಕ ಅಂದ್ರ ಹಸೀ ಹಿಟ್ಟು. ಸಿನಿಮಾ ಅಂದ್ರ ಬೆಂದ ರೊಟ್ಟಿ," ಎಂದು ಪ್ರಾಣೇಶ.

"ರೊಟ್ಟಿ ಎಷ್ಟ ಬೇಕಾದ್ರೂ ಬಡೀರಿ. ಹಿಟ್ಟ ನನ್ನ ಗಿರಣೀದು," ಎಂದು ಶಿವನಪ್ಪ.

ಮುಂದೆ ಬಶಿ ಹಾರುತ್ತಿದ್ದವು. ಬಳಿಕ ಕಪ್ಪು. ಗೌಸುಸಾಬ ಇವರಿಬ್ಬರಿಗೆಂದೇ ಸ್ಟೀಲಿನ ಲೋಟ ತಂದಿಟ್ಟ; ಆಮೇಲೆ ಇಬ್ಬರ ಹಣೆಗಳಲ್ಲೂ ಅದೇ ಲೋಟದ ಗುರುತು.

ಹೀಗಿರುವಾಗ ಶಿವನಪ್ಪನ ನಾಟಕವೇ ಸಿನಿಮಾ ಆಯಿತು. ಹೆಸರು 'ಗರತಿಯ ಗುಂಡು'. ಗಜೇಂದ್ರಗಡದ ಟಾಕೀಸಿಗೆ ಬಂದ ದಿನ ಮಧ್ಯಾಹ್ನದ ಆಟಕ್ಕೆ ಸೂಡಿ ಅರ್ಧಕ್ಕರ್ಧ ಬಸ್ಸು ಹತ್ತಿತು. ಮೆಣಸಗಿಯಿಂದ ಮಾನವ್ವ ರೊಟ್ಟಿ ಬುತ್ತಿ ಸಮೇತ ಬಂದಳು. ತೆರೆಯ ಮೇಲಿನ ಗೌಡ ಗುಡಿಸಲು ಸುಟ್ಟ, ಬಾವಿಗೆ ವಿಷ ಹಾಕಿದ. ಶಿವನಪ್ಪ ಕುರ್ಚಿಯ ತುದಿಯಲ್ಲಿ ಕೂತು ತನ್ನ ಸಾವಿಗೆ ಕಾದ.

ನಾಯಕಿ ಪಿಸ್ತೂಲು ತೆಗೆದಳು. ಢಂ! ಗೌಡ ಬಿದ್ದ. ಮುಗಿಯಿತು. ಹಾಡಿಲ್ಲ, ಹೊಯ್ದಾಟವಿಲ್ಲ. ಮರುಗಳಿಗೆ ನಾಯಕ ನಾಯಕಿ ಮಂಜಿನ ಗುಡ್ಡದ ಮೇಲೆ ಕುಣಿಯುತ್ತಿದ್ದರು.

ಶಿವನಪ್ಪ ಎದ್ದು ನಿಂತ. ಹುಟ್ಟಿನಿಂದ ಬಂದ ರೂಢಿ. ಬಾಯಿ ತಾನೇ ತೆರೆಯಿತು. "ವನ್ಸ್ ಮೋರ್!"

ಸೂಡಿಯವರೆಲ್ಲ ಎದ್ದರು. "ವನ್ಸ್ ಮೋರ್! ಗೌಡನ್ನ ಎಬ್ಬಸ್ರಿ!"

ಗೌಡ ಏಳಲಿಲ್ಲ. ಮಂಜಿನ ಮೇಲೆ ಕುಣಿತ ನಡೆದೇ ಇತ್ತು. ಕೇಳಿದ ಹಾಡು ಕೊಡದೆ ಮುಂದೆ ಹೋಗುವುದೆಂದರೇನು? ಇಷ್ಟು ದೊಡ್ಡ ಅವಮಾನ ಈ ಸೀಮೆಗೆ ಹಿಂದೆ ಆಗಿರಲಿಲ್ಲ. ಮೊದಲು ಮಾನವ್ವನ ಚಪ್ಪಲಿ ಹೋಗಿ ನಾಯಕನ ಮೂಗಿಗೆ ಬಡಿಯಿತು. ಅದರ ಹಿಂದೆ ಕುರ್ಚಿಗಳು. ತೆರೆ ನಡುವೆ ಸೀಳಿ, ನಾಯಕಿ ಈ ಕಡೆ ನಾಯಕ ಆ ಕಡೆ ಆದರು.

"ಲೇ ಶಿವನ್ಯಾ, ಸಿನಿಮಾಕ್ಕ ವನ್ಸ್ ಮೋರ್ ಇರಂಗಿಲ್ಲೋ ಹುಚ್ಚಪ್ಪಾ! ಅಂವ ಸತ್ತಾನ, ಸತ್ತಾನ!" ಎಂದು ಪ್ರಾಣೇಶ ಅವನ ಅಂಗಿ ಹಿಡಿದು ಜಗ್ಗಿದ.

"ಹಾಡ್ಲಾರದ ಹ್ಯಾಂಗ ಸಾಯ್ತಾನಲೇ? ನಾಯೀನೂ ಸಾಯೂಮುಂದ ಒಂದಿಷ್ಟು ಊಳಿಡತದ!" ಎಂದು ಶಿವನಪ್ಪ ಅವನ ಕೈ ಕಚ್ಚಿದ. ಇಬ್ಬರೂ ಕುರ್ಚಿಗಳ ಕೆಳಗೆ ಉರುಳಿದರು. ಪ್ರಾಣೇಶನ ಕನ್ನಡಕ ಒಂದು ಕಡೆ, ಶಿವನಪ್ಪನ ಇನ್ನೊಂದು ಹಲ್ಲು ಒಂದು ಕಡೆ. ಪೊಲೀಸರು ಬಂದಾಗ ಇಡೀ ಟಾಕೀಸಿನಲ್ಲಿ ಪೂರ್ತಿಯಾಗಿ ಉಳಿದದ್ದು ಮಾನವ್ವನ ರೊಟ್ಟಿ ಬುತ್ತಿಯೊಂದೇ.

ಇದೆಲ್ಲ ಮರೆತು ಹೋಗುತ್ತಿತ್ತೇನೋ. ಆದರೆ ಸೂಡಿಯ ನಾಟ್ಯ ಸಂಘದ ಅಧ್ಯಕ್ಷ, ಮೆಣಸಿನಕಾಯಿ ವ್ಯಾಪಾರದ ಪ್ರಭುಲಿಂಗಪ್ಪ ಸಾವುಕಾರರಿಗೆ ಆ ಪಿಸ್ತೂಲು ಮನಸ್ಸಿಗೆ ಹತ್ತಿತು. ಈ ವರ್ಷ ನಾಟಕವನ್ನು ಸಿನಿಮಾದ ಹಾಗೇ ಆಡಬೇಕು, ಆಡಿಸುವವ ಪ್ರಾಣೇಶ ಎಂದು ಅಪ್ಪಣೆ ಮಾಡಿದರು.

ಶಿವನಪ್ಪ ಸಾವುಕಾರರ ಅಡತಿ ಅಂಗಡಿಗೆ ಓಡಿದ. "ಸಾವ್ಕಾರ್ರ, ಹಾಡಿಲ್ಲದ ಸತ್ತರ ನಾ ಬರೇ ದುಷ್ಟ ಆಗ್ತೇನ್ರಿ. ಹಾಡಿದರ ಮನಷ್ಯಾ ಆಗಿ ಸಾಯ್ತೇನಿ. ಹಾಡ ತಗದ್ರ ಮರುದಿನ ಹೆಂಗಸ್ರು ನನ್ನ ಖರೇನ ಹೆಣಾ ಕೆಡವ್ತಾರ."

ಸಾವುಕಾರರು ನಕ್ಕರು. "ಹೆಲ್ಮೆಟ್ ಹಾಕ್ಕೊಂಡ ತಿರಗಾಡೋ ಶಿವನಪ್ಪ. ಕಾಲ ಬದಲಾಗೇತಿ. ಢಂ ಅಂದ್ರ ಬಿದ್ದಬಿಡು."

ಮನೆಯಲ್ಲಿ ಹೆಂಡತಿ ಸಿದ್ದವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು, "ಹಾಡಿಲ್ಲಂದ್ರ ಪಾರ್ಟ ಬಿಡ್ರಿ. ಇದ್ದ ನಾಕ ಹಲ್ಲರ ಉಳೀಲಿ."

"ಬಿಟ್ಟರ ಪ್ರಾಣ್ಯಾ ಮಾಡ್ತಾನಂತ. ಅವಗ ಸಾಯಾಕ ಬರತದೇನು?"

"ಹಂಗಾರ ಹೋಗಿ ಬರ್ರಿ. ಅರಿಷಿಣ ಅರದ ಇಟ್ಟಿರ್ತೇನಿ."

ನಾಟಕದ ದಿನ ಬಂತು. ರಾತ್ರಿಯೆಲ್ಲ ಶಿವನಪ್ಪ ಎಂದಿಗಿಂತ ಕ್ರೂರಿಯಾಗಿ ಆಡಿದ. ಗುಡಿಸಲು ಸುಡುವಾಗ ಪರದೆಗೂ ಕಿಡಿ ಹತ್ತಿತು. ಗರತಿಯ ಗಂಡನ ಪಾತ್ರದವನು ಎಳೆಸಿಕೊಂಡದ್ದು ಸುಳ್ಳು ಗಾಡಿಗಾದರೂ ತರಚಿಕೊಂಡದ್ದು ಖರೇ ಮೊಳಕಾಲು. ಮುಂದಿನ ಸಾಲಿನಲ್ಲಿ ಮಾನವ್ವ ಹಲ್ಲು ಕಡಿಯುವ ಸಪ್ಪಳ ತಬಲಾಕ್ಕಿಂತ ಜೋರಾಗಿ ಕೇಳುತ್ತಿತ್ತು. ಮೂಡಲ ಕೆಂಪಾದಾಗ ಕರಿಯವ್ವ ಬಂದಳು. ಕೈಯಲ್ಲಿ ಪಟಾಕಿ ಪಿಸ್ತೂಲು. ಅದನ್ನು ಸತ್ತ ಇಲಿ ಹಿಡಿದ ಹಾಗೆ ಹಿಡಿದಿದ್ದಳು.

ಢಂ!

ಹೊಗೆ ಕರಗಿತು. ಗೌಡ ನಿಂತೇ ಇದ್ದ.

ಢಂ! ಢಂ!

"ತಾಗಲಿಲ್ಲವ್ವಾ ತಂಗೀ," ಎಂದು ಶಿವನಪ್ಪ ಎದೆ ಝಾಡಿಸಿದ. "ಇಂಥಾ ಗುಂಡ ನಮ್ಮ ಗಿರಣ್ಯಾಗ ದಿನಾ ಬೀಸ್ತೇನಿ. ನನ್ನ ಗಂಟಲಿಗಿ ಕುಡಗೋಲ ಬೇಕು!"

ಜನ ಹುಯ್ಯೆಂದರು. ಪರದೆಯ ಮರೆಯಿಂದ ಪ್ರಾಣೇಶ ಹಲ್ಲು ಕಚ್ಚಿ, "ಬೀಳೋ ಲೇ! ಬೀಳೋ!" ಅಂದ. ಶಿವನಪ್ಪ ಮೀಸೆ ತಿರುವಿದ. ಪ್ರಾಣೇಶನ ತಾಳ್ಮೆ ಅಲ್ಲಿಗೆ ಹರಿಯಿತು. ಪರದೆ ಕಟ್ಟುವ ಬಿದಿರಿನ ಗಳ ಹಿರಿದುಕೊಂಡು, ಪ್ಯಾಂಟು ಬುಶ್ಶರ್ಟಿನಲ್ಲೇ ರಂಗಕ್ಕೆ ನುಗ್ಗಿ, ಗೌಡನ ಬೆನ್ನಿಗೆ ಬಿಟ್ಟ.

"ನಿನ್ನ ಸಾಯಿಸ್ಲಿಕ್ಕೆ ಇನ್ನೆಷ್ಟು ಗುಂಡು ಬೇಕೋ?"

"ನೀ ಸಾಯ್ಸಾಂವಾ? ಫೋಟೋದಾಗ ಎಲ್ಲಾರ ತಲಿ ಹಾರಸಾಂವ ನೀನು!"

ಗಳ ಎರಡು ತುಂಡಾಯಿತು. ಶಿವನಪ್ಪ ಪ್ರಾಣೇಶನ ಕೆನ್ನೆಗೆ ಕೊಟ್ಟ ಏಟಿಗೆ ಸೂಡಿಯ ಜೋಡು ಕಳಸದ ಗುಡಿಯ ಪಾರಿವಾಳಗಳು ಎದ್ದು ರೋಣಕ್ಕೆ ವಲಸೆ ಹೋದವು. ಪ್ರಾಣೇಶ ಗುಮ್ಮಿದ. ಶಿವನಪ್ಪ ಗೌಡನ ಸಿಂಹಾಸನವನ್ನೇ ಎತ್ತಿ ಅವನ ಮೇಲೆ ಒಡೆದ. ಮೂಗು ಸೊಟ್ಟಾಗಿ ಪ್ರಾಣೇಶ ಮಗ್ಗುಲಾದ. ಹಲಗೆಯ ಮೇಲೆ ಹರಿದದ್ದು ಈ ಸಲ ಕುಂಕುಮದ ನೀರಲ್ಲ. ಜನರಿಗೆ ಅದು ಗೊತ್ತಾಗಲಿಲ್ಲ. ಇಂಥ ಸೀನು ಸಿನಿಮಾದಲ್ಲೂ ಇರಲಿಲ್ಲವೆಂದು ಸೀಟಿ ಹೊಡೆದರು, ಮೊಬೈಲು ಎತ್ತಿದರು.

ಕರಿಯವ್ವ ಪಿಸ್ತೂಲನ್ನು ಸಾವುಕಾರರ ಉಡಿಗೆ ಬೀಳುವಂತೆ ಎಸೆದಳು. ಸೊಂಟಕ್ಕೆ ಕೈ ಹಾಕಿದಳು. ಕುಡುಗೋಲು ಅಲ್ಲಿತ್ತು. ಅದಿಲ್ಲದೆ ಆಕೆ ಎಂದು ರಂಗ ಹತ್ತಿದ್ದಳು?

"ಬಾರೋ ಗೌಡಾ," ಅಂದಳು.

ಶಿವನಪ್ಪ ಗಂಟಲು ಒಡ್ಡಿದ. ಕುಡುಗೋಲು ಬಿತ್ತು. ಗೌಡ ತಿರುಗಿ, ತೂರಾಡಿ, ಪ್ರಾಣೇಶನ ಪಕ್ಕದಲ್ಲೇ ಉರುಳಿದ. ಗೌಡನ ಸನ್ನೆಗೂ ಕಾಯದೆ ಪೇಟಿ ಮಾಸ್ತರ ಸ್ವರ ಕೊಟ್ಟ. ಹಲ್ಲಿಲ್ಲದ ಬಾಯಿ, ಒಡೆದ ತುಟಿ. ಆದರೂ 'ಕೊಯ್ದ ಕೈಗೆ ಬಳಿ' ಎಂದು ಎತ್ತಿದ ಕೂಡಲೇ ಸೀಟಿಗಳು ನಿಂತವು. ಎತ್ತಿದ ಮೊಬೈಲುಗಳು ಒಂದೊಂದಾಗಿ ಇಳಿದವು. ಪ್ರಭುಲಿಂಗಪ್ಪ ಸಾವುಕಾರರು ಪಿಸ್ತೂಲಿನ ನಳಿಗೆಯಿಂದ ಮೂಗು ಒರೆಸಿಕೊಂಡರು. ಮಾನವ್ವ, ಬಿಚ್ಚಿ ಹಿಡಿದಿದ್ದ ಚಪ್ಪಲಿಯನ್ನು ಸದ್ದಿಲ್ಲದೆ ಕಾಲಿಗೆ ಹಾಕಿಕೊಂಡಳು. ಗೌಡ ಮನುಷ್ಯನಾಗಿ ಸತ್ತ.

"ವನ್ಸ್ ಮೋರ್!"

ಶಿವನಪ್ಪ ಎದ್ದು ಕೂತು ರಕ್ತ ಉಗುಳಿದ. "ಹೂಂ, ಹಾಕವ್ವಾ."

"ತಡೀರಿ!" ಎಂದು ಮಾನವ್ವ ಎದ್ದು ನಿಂತಳು. "ಅಲ್ಲಿಂದಲ್ಲ! ಆ ಪ್ಯಾಂಟಿನಾಂವ ಬಂದನಲ್ಲ, ಅಲ್ಲಿಂದ ಆಗ್ಲಿ!"

ಊರಿಗೆ ಊರೇ ಎದ್ದಿತು. "ಪ್ಯಾಂಟಿನಾಂವ ವನ್ಸ್ ಮೋರ್!"

ಪ್ರಾಣೇಶ ಬಿದ್ದಲ್ಲಿಂದಲೇ ಒಂದು ಕಣ್ಣು ತೆರೆದ. ಮತ್ತೊಂದು ತೆರೆಯುವಂತಿರಲಿಲ್ಲ. ಜೀವಮಾನವೆಲ್ಲ ತೆರೆಯ ಮುಂದೆ ಕತ್ತಲಲ್ಲಿ ಕೂತವನಿಗೆ ಯಾರೂ ಎಂದೂ ಆ ಮಾತು ಅಂದಿರಲಿಲ್ಲ. ಮೆಲ್ಲಗೆ ಎದ್ದ. ಸೊಟ್ಟ ಮೂಗನ್ನು ಎರಡೂ ಕೈಯಿಂದ ನೆಟ್ಟಗೆ ಮಾಡಿಕೊಂಡ. ಮುರಿದ ಗಳದ ಉದ್ದನೆಯ ತುಂಡು ಹುಡುಕಿ, ಕುಂಟುತ್ತ ಪರದೆಯ ಮರೆಗೆ ಹೊರಟವನು ನಡುವೆ ನಿಂತು ಗೆಳೆಯನ ಕಿವಿಯ ಹತ್ತಿರ ಬಾಗಿದ.

"ಶಿವನ್ಯಾ, ಮೊದಲು ಯಾವ ಗಲ್ಲಕ್ಕ ಹೊಡದಿದ್ದ್ಯೋ?"

"ಎಡಗಲ್ಲಕ್ಕ."

"ಈ ಸಲ ಬಲಗಡೆ ಹೊಡಿಯೋ ಮಾರಾಯಾ. ಎಡಗಡೆ ಹಲ್ಲು ಮುಗದಾವ."