ಇಪ್ಪತ್ತೊಂಬತ್ತನೆಯ ಸಂಜೆಯ ಸಾಕ್ಷಿ

ಯಲಹಂಕದಲ್ಲಿ ರಫು ಗಯಾಸ್ ಎಂದರೆ ಆಟೋದವರಿಗೂ ಗೊತ್ತು. ಮೊಳೆಗೆ ಸಿಕ್ಕಿ ಹರಿದ ಕೋಟು, ಇಲಿ ಕಡಿದ ರೇಷ್ಮೆ ಸೀರೆ, ಏನೇ ತಂದುಕೊಟ್ಟರೂ ಆ ಬಟ್ಟೆಯದೇ ಅಂಚಿನಿಂದ ಎಳೆ ಬಿಡಿಸಿಕೊಂಡು, ತೂತಿದ್ದ ಜಾಗ ಉಟ್ಟವರಿಗೂ ಸಿಗದ ಹಾಗೆ ನೇಯ್ದು ಕೊಡುತ್ತಾನೆ. ನಲವತ್ತು ವರ್ಷದಿಂದ ಅದೇ ಕೆಲಸ. ಚಂದ್ರನ ಲೆಕ್ಕದ ತಿಂಗಳ ಇಪ್ಪತ್ತೊಂಬತ್ತನೆಯ ಸಂಜೆ ಹೊಸ ಚಂದ್ರನನ್ನು ಹುಡುಕಲು ಮೊಹಲ್ಲಾದವರು ಅಲ್ಲಾಳಸಂದ್ರ ಕೆರೆ ಏರಿಯ ಮೇಲೆ ಸೇರಿದಾಗ, ಆಕಾಶಕ್ಕಿಂತ ಮೊದಲು ಗಯಾಸನ ಮುಖ ನೋಡುತ್ತಾರೆ. ಅವನ ಅಪ್ಪ ಬದುಕಿದ್ದಾಗ ಅಪ್ಪನ ಮುಖ ನೋಡುತ್ತಿದ್ದರು.

ಈ ಸಲ ರಂಜಾನಿನ ಚಂದ್ರನನ್ನು ನೋಡಲು ಹೋದ ಸಂಜೆ ಮೋಡ ಕವಿದಿತ್ತು. ಮೋಡದ ನಡುವಿನ ಸಣ್ಣ ಬಿರುಕಿನಲ್ಲಿ, ಪಶ್ಚಿಮದ ಮರಗಳ ಮೇಲೆ, ತೆಳ್ಳಗೆ ಬಾಗಿದ ಒಂದು ಬೆಳ್ಳಿ ಎಳೆ ಗಯಾಸನಿಗೆ ಕಂಡಿತು. ಎರಡು ಉಸಿರಿನಷ್ಟು ಹೊತ್ತು, ಅಷ್ಟೆ. "ಅಗೋ" ಎಂದ. ಬೇರೆ ಯಾರಿಗೂ ಕಾಣಲಿಲ್ಲ. ಮಸೀದಿಯ ಕಾರ್ಯದರ್ಶಿ ಸುಫಿಯಾನ್ ಮಾತ್ರ ನಕ್ಕು, "ಚಾಚಾನ ಕಣ್ಣಿರೋವಾಗ ದುರ್ಬೀನು ಯಾಕ್ರೋ" ಎಂದು ಕೂಡಲೇ ಊರಿನ ಹಿರಿಯರಿಗೆ ಫೋನು ಮಾಡಿದ. ಹಿರಿಯರು ನಾಲ್ಕು ಕಡೆಯ ಸಾಕ್ಷಿ ಕೇಳಿ, ನಾಳೆಯಿಂದ ಉಪವಾಸ ಎಂದು ಸಾರಿದರು. ಆ ನಾಲ್ಕರಲ್ಲಿ ಗಯಾಸನದೂ ಒಂದು. ಅಲ್ಲಾಹನ ಹೆಸರಿನಲ್ಲಿ "ನಾನು ಕಂಡೆ" ಎಂದು ಹೇಳಿದ್ದ.

ಐದನೆಯ ದಿನ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಅಂಗಡಿ ಮುಚ್ಚಿ, ಯಾರಿಗೂ ಹೇಳದೆ ಕಣ್ಣಿನ ಡಾಕ್ಟರ ಹತ್ತಿರ ಹೋದ. ಬಲಗಣ್ಣಿಗೆ ಪೊರೆ ಬಂದಿದೆ ಎಂದರು. "ದೀಪ ನೋಡಿದ್ರೆ ಬೆಳಕು ಗೀರುಗೀರಾಗಿ ಹರಡುತ್ತಾ?" ಎಂದು ಕೇಳಿದರು. ಗಯಾಸ್ ಹೌದೆಂದ. ಅಂದು ಮೋಡದ ನಡುವೆ ಕಂಡದ್ದು ಚಂದ್ರನೋ, ತನ್ನ ಕಣ್ಣಿನ ಗೀರೋ? ಒಂದು ದಿನ ಮೊದಲೇ ಸಾರಿಬಿಟ್ಟಿದ್ದರೆ ಊರಿನ ಲೆಕ್ಕವೆಲ್ಲ ತಪ್ಪುತ್ತದೆ. ಉಳಿದ ಮೂವರು ಕಂಡಿರಬಹುದು. ಆ ಮೂವರೂ ತನ್ನಂಥವರೇ ಆಗಿದ್ದರೆ?

ಅಂದಿನಿಂದ ಅವನು ಕಳ್ಳನನ್ನು ಕಾಯುವವನ ಹಾಗೆ ಚಂದ್ರನನ್ನು ಕಾದ. ಏಳನೆಯ ಸಂಜೆ, ಬಾಯಿಗೆ ಖರ್ಜೂರ ಹಾಕಿಕೊಳ್ಳುವಾಗ, ಅರ್ಧ ಚಂದ್ರ ನೆತ್ತಿಯ ಮೇಲಿತ್ತು. ಅರ್ಧವೋ, ಅರ್ಧಕ್ಕೆ ಒಂದು ಎಳೆ ಕಡಿಮೆಯೋ, ಹೇಳಲಾಗಲಿಲ್ಲ. ಹದಿನಾಲ್ಕರ ಚಂದ್ರ ಸೂರ್ಯ ಮುಳುಗುವ ಮೊದಲೇ ಹುಟ್ಟುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಅದನ್ನೇ ನೋಡೋಣವೆಂದು ಏರಿಗೆ ಹೋದರೆ, ಪೂರ್ವಕ್ಕೆ ಸಾಲಾಗಿ ಅಪಾರ್ಟ್‌ಮೆಂಟು. ಚಂದ್ರ ಹದಿನಾಲ್ಕನೆಯ ಮಹಡಿ ದಾಟಿ ಮೇಲೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಆಮೇಲೆ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ತಡವಾಗಿ ಹುಟ್ಟುತ್ತಾ ಹೋಯಿತು. ಇಪ್ಪತ್ತು ದಾಟಿದ ಮೇಲೆ ಬೆಳಗಿನ ಜಾವದ ಊಟಕ್ಕೆ ಎದ್ದಾಗಲೇ ಅದರ ದರ್ಶನ, ದಿನದಿನಕ್ಕೆ ಸವೆದು.

"ಊಟ ಬಿಟ್ಟು ಕಿಟಕಿ ನೋಡ್ತೀರಲ್ಲ, ಅಲ್ಲಿ ಯಾರಿದ್ದಾರೆ?" ಎಂದು ಹೆಂಡತಿ ಫಖ್ರುನ್ನೀಸಾ ಕುಟುಕಿದಳು. ಅವನು ನಗಲಿಲ್ಲ.

ಇನ್ನು ಒಂದೇ ಪರೀಕ್ಷೆ ಉಳಿದಿತ್ತು. ತಿಂಗಳ ಕೊನೆಗೆ ಚಂದ್ರ ನಸುಕಿನಲ್ಲಿ, ಪೂರ್ವದಲ್ಲಿ, ಉಗುರಿನ ಅಂಚಿನಷ್ಟಾಗಿ ಕಂಡು ಮರೆಯಾಗುತ್ತದೆ. ಇಪ್ಪತ್ತೊಂಬತ್ತನೆಯ ನಸುಕಿನಲ್ಲೂ ಅದು ಇನ್ನೂ ಕಂಡರೆ, ತಿಂಗಳು ಒಂದು ದಿನ ಮೊದಲೇ ಶುರುವಾಗಿದೆ ಎಂದೇ ಅರ್ಥ. ಇದೂ ಅಪ್ಪನ ಮಾತೇ. ಆದರೆ ಏನೂ ಕಾಣದಿದ್ದರೆ ಚಂದ್ರ ಇಲ್ಲವೆಂದೋ, ತನಗೆ ಕಣ್ಣಿಲ್ಲವೆಂದೋ? ಈ ಒಂದು ಕೆಲಸಕ್ಕೆ ಬೇರೆಯವರ ಕಣ್ಣು ಬೇಕಿತ್ತು.

ಇಪ್ಪತ್ತೊಂಬತ್ತರ ನಸುಕಿನಲ್ಲಿ ಮಗಳು ಆಯೇಷಾಳನ್ನು ತಾರಸಿಗೆ ಕರೆದುಕೊಂಡು ಹೋದ. ಪೂರ್ವ ತಿಳಿಯಾಗಿ ಕೆಂಪೇರುತ್ತಿತ್ತು.

"ಏನಾದ್ರೂ ಕಾಣುತ್ತಾ, ಬೇಟಾ?"

"ಇಲ್ಲ ಅಬ್ಬಾ."

"ಆ ನೀರಿನ ಟ್ಯಾಂಕ್ ಪಕ್ಕ ನೋಡು. ಸರಿಯಾಗಿ ನೋಡು."

"ಏನೂ ಇಲ್ಲ ಅಬ್ಬಾ. ಯಾಕೆ, ಏನಾಯ್ತು?"

ಸೂರ್ಯ ಮೂಡುವವರೆಗೆ ಅವಳನ್ನು ಅಲ್ಲಿಂದ ಕದಲಲು ಬಿಡಲಿಲ್ಲ. ಆಮೇಲೆ ಟ್ಯಾಂಕಿನ ಕಟ್ಟೆಯ ಮೇಲೆ ಕೂತು, ಡಾಕ್ಟರು ಹೇಳಿದ್ದನ್ನೂ ಆ ಸಂಜೆಯದನ್ನೂ ಹೇಳಿದ.

"ಲೆಕ್ಕ ಸರಿಯಾಗೇ ಇದೆಯಲ್ಲ," ಎಂದಳು ಆಯೇಷಾ. "ಅವತ್ತು ಚಂದ್ರ ಇತ್ತು. ಇನ್ಯಾಕೆ ಚಿಂತೆ?"

"ಚಂದ್ರ ಇತ್ತು, ಸರಿ. ನಾನು ಕಂಡೆನಾ?"

ಆಯೇಷಾ ಅಪ್ಪನ ಪಕ್ಕ ಕಟ್ಟೆಯ ಮೇಲೆ ಕೂತಳು. "ಸಂಜೆ ನಾನೂ ಬರ್ತೀನಿ" ಎಂದಳು.

ಸಂಜೆ ಏರಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಇವತ್ತು ಚಂದ್ರ ಕಂಡರೆ ನಾಳೆ ಹಬ್ಬ, ಇಲ್ಲದಿದ್ದರೆ ಇನ್ನೊಂದು ಉಪವಾಸ. ಸುಫಿಯಾನ್ ಫೋನು ಕೈಯಲ್ಲಿ ಹಿಡಿದೇ ನಿಂತಿದ್ದ. "ಚಾಚಾ, ಬೇಗ ಹುಡುಕಿ. ನಮ್ಮನೇಲಿ ಹಬ್ಬದ ಶೀರ್ ಖುರ್ಮಾಕ್ಕೆ ಹಾಲು ತರಬೇಕೋ ಬೇಡವೋ ಅಂತ ಹತ್ತು ಸಲ ಕೇಳಾಯ್ತು."

ಸೂರ್ಯ ಮುಳುಗಿತು. ಪಶ್ಚಿಮ ಹೊಳೆಯಿತು, ಮಸುಕಾಯಿತು. ಅಷ್ಟರಲ್ಲಿ ಮರಗಳ ಮೇಲೆ, ಅಂದು ಕಂಡಲ್ಲೇ, ಅದೇ ಬೆಳ್ಳಿ ಎಳೆ. ತೆಳ್ಳಗೆ, ಬಾಗಿ. ಗಯಾಸನ ಉಸಿರು ನಿಂತಿತು. ಅವನ ಮುಖ ನೋಡುತ್ತಿದ್ದವರಿಗೆ ಅದು ಗೊತ್ತಾಯಿತು.

"ಕಂಡ್ತಾ ಚಾಚಾ?"

ಗಯಾಸ್ ಬಲಗಣ್ಣು ಮುಚ್ಚಿದ. ಎಳೆ ಹೋಯಿತು. ಆ ಜಾಗದಲ್ಲಿ ಕಟ್ಟುತ್ತಿರುವ ಕಟ್ಟಡದ ಕ್ರೇನಿನ ತುದಿಯ ದೀಪ, ಒಂದು ಸಣ್ಣ ಚುಕ್ಕೆ. ಕಣ್ಣು ತೆರೆದ. ಎಳೆ ಮತ್ತೆ ಬಂತು.

"ಇಲ್ಲ," ಎಂದ. "ಅದು ಕ್ರೇನಿನ ದೀಪ. ನನ್ನ ಕಣ್ಣಿಗೆ ಪೊರೆ ಬಂದಿದೆ, ಸುಫಿಯಾನ್. ಹೋದ ಸಲ ನಾನು ಕಂಡದ್ದೂ ಇದನ್ನೇ. ಹಿರಿಯರಿಗೆ ಫೋನ್ ಮಾಡಿಕೊಡು, ನಾನೇ ಹೇಳ್ತೀನಿ. ಆ ನಾಲ್ಕರಲ್ಲಿ ಒಂದು ಸಾಕ್ಷಿ ಕಳೀಲಿ."

ಕ್ರೇನಿನ ದೀಪವನ್ನು ಒಬ್ಬೊಬ್ಬರೇ ತಿರುಗಿ ನೋಡಿದರು. ಸುಫಿಯಾನ್ ನಂಬರು ಒತ್ತಿ ಫೋನನ್ನು ಗಯಾಸನ ಕೈಗೆ ಕೊಟ್ಟ. ಅತ್ತ ಕಡೆ ಫೋನು ರಿಂಗಾಗುತ್ತಿತ್ತು. ಆಯೇಷಾ ಅಪ್ಪನ ತೋಳು ಹಿಡಿದು, ಕತ್ತಲಾಗುವವರೆಗೂ ಪಶ್ಚಿಮವನ್ನೇ ನೋಡುತ್ತಾ ನಿಂತಳು.