ನೋವಿಲ್ಲ ಅಲ್ವಾ?

ಅರವತ್ತರ ದಶಕದ ಮೊದಲಲ್ಲಿ ನಾನು ಪುತ್ತೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ನಮ್ಮ ಡಾಕ್ಟರು ತಾವೇ ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿ, ತಾವೇ ಕೈ ತೊಳೆದು ಬಂದು ಆಪರೇಷನ್ ಮಾಡುವವರು. ಮಂಗಳೂರಿನಿಂದ ಇನ್ನೊಬ್ಬ ಡಾಕ್ಟರು ಬರುವವರೆಗೆ ಕಾಯುವ ಪುರುಸೊತ್ತು ಅವರಿಗೂ ಇಲ್ಲ, ಹೊಟ್ಟೆಯೊಳಗಿನ ಗಡ್ಡೆಗೂ ಇಲ್ಲ.

ಆಗ ಅವರಿಗೊಂದು ಹುಚ್ಚು ಹಿಡಿಯಿತು. ಬೆನ್ನಿಗೆ ಕೊಡುವ ಮದ್ದಿಗೆ ಒಂದಿಷ್ಟು ಅಡ್ರಿನಾಲಿನ್ ಬೆರೆಸಿದರೆ ಮರಗಟ್ಟಿದ್ದು ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಎಲ್ಲೋ ಓದಿದ್ದರು. ಗರ್ಭಕೋಶದ ಆಪರೇಷನ್ನಿಗೆ ಬಂದ ಹೆಂಗಸರಲ್ಲಿ ಒಬ್ಬರಿಗೆ ಬರೀ ಮದ್ದು, ಮುಂದಿನವರಿಗೆ ಬೆರೆಸಿದ್ದು. ನಾನು ತಲೆಯ ಹತ್ತಿರ ನಿಂತು ಆಗಾಗ ಕೇಳಿ, ನೋವು ಯಾವಾಗ ಶುರುವಾಯಿತೆಂದು ಗಡಿಯಾರ ನೋಡಿ ಪುಸ್ತಕದಲ್ಲಿ ಬರೆಯಬೇಕು. ನನ್ನ ಅಕ್ಷರ ಚೆಂದ ಎಂಬುದೇ ನನ್ನ ಅರ್ಹತೆ. ಅದರ ಜಂಬವೂ ನನಗಿತ್ತು.

ಎರಡು ತಿಂಗಳ ನನ್ನ ಬರವಣಿಗೆ ಓದಿ ಡಾಕ್ಟರು, "ವ್ಯತ್ಯಾಸ ಎಂತದೂ ಇಲ್ಲ ಮಾರಾಯ್ತಿ," ಅಂದರು. ಅಡ್ರಿನಾಲಿನ್ ಸೇರಿಸಿದರೆ ಕೆಲವರಿಗೆ ಎದೆ ಢವಢವ ಅನ್ನುತ್ತಿತ್ತು. ಹಾಗಾಗಿ ಇನ್ನು ಅದು ಬೇಡ, ಆಪರೇಷನ್ನಿಗೆಂದು ಕಬಕದಿಂದ ಬಂದು ಸೇರಿದ್ದ ಹೆಂಗಸಿಗೂ ಬರೀ ಮದ್ದೇ ಸಾಕು ಎಂದು ತೀರ್ಮಾನವಾಯಿತು. ಆ ಬ್ಯಾರಿ ಹೆಂಗಸಿಗೆ ಇದ್ದದ್ದು ದೊಡ್ಡ ಗಡ್ಡೆ. ಬೇಗ ಮುಗಿಯುವ ಆಪರೇಷನ್ ಅಲ್ಲ. ಮರುದಿನ ಬೆಳಿಗ್ಗೆಯೇ ಮಾಡುವುದಿತ್ತು.

ಆ ಮಧ್ಯಾಹ್ನ ನಾನು ಐವರ್ನಾಡಿನ ಗೌಡರ ಮನೆಯ ಅಮ್ಮನೊಬ್ಬರ ಹೊಲಿಗೆ ಬಿಚ್ಚುತ್ತಿದ್ದೆ. ಬರೀ ಮದ್ದಿನಲ್ಲಿ ಕೊನೆಯವರೆಗೂ ನೋವು ಬರುವುದಿಲ್ಲ ಎಂಬುದಕ್ಕೆ ನನ್ನ ಪುಸ್ತಕದಲ್ಲಿದ್ದ ಗಟ್ಟಿ ಸಾಕ್ಷಿ ಅವರು.

"ಇದನ್ನು ಹೊಲಿಯುವಾಗ ಸೂಜಿ ಹೋಗುದು ಬರುದು ಎಲ್ಲ ಗೊತ್ತಾಗ್ತಿತ್ತು ಸಿಸ್ಟರ್," ಅಂದರು, ಪಕ್ಕದ ಮನೆಯ ಸುದ್ದಿ ಹೇಳುವ ಹಾಗೆ.

"ಎಂತ? ನೋವಿಲ್ಲ ಅಂತ ಹೇಳಿದ್ದಲ್ವಾ ನೀವು?"

"ನೀವು ತಲೆ ಆಡಿಸಿಕೊಂಡು, 'ನೋವಿಲ್ಲ ಅಲ್ವಾ?' ಅಂತ ಕೇಳಿದ್ರಿ. ಡಾಕ್ಟ್ರು ಬೆವರು ಸುರಿಸಿಕೊಂಡು ಹೊಲೀತಾ ಇದ್ರು. ಉಂಟು ಅಂತ ಹೇಳುದು ಹೇಗೆ? ಅವರಿಗೆ ಬೇಜಾರಾಗುದಿಲ್ವಾ?"

ನಾನು ಕತ್ತರಿ ಕೆಳಗಿಟ್ಟೆ. ವಾರ್ಡಿನಲ್ಲಿದ್ದ ಉಳಿದವರನ್ನೂ ಕೇಳಿದೆ. ಬರೀ ಮದ್ದು ಕೊಟ್ಟಿದ್ದ ಕಡಬದ ಹೆಂಗಸು ಅರ್ಧದಿಂದಲೇ ಹಲ್ಲು ಕಚ್ಚಿ ಮಲಗಿದ್ದರಂತೆ. ಬೆರೆಸಿದ ಮದ್ದು ಕೊಟ್ಟಿದ್ದ ರಾಮಕುಂಜದವರಿಗೆ ನಿಜವಾಗಿಯೂ ನೋವಾಗಿರಲಿಲ್ಲ. ನೆಂಟರ ಮನೆಯ ಉಪ್ಪಿಲ್ಲದ ಸಾರನ್ನು ಚೆನ್ನಾಗುಂಟು ಎಂದು ಇನ್ನೊಮ್ಮೆ ಹಾಕಿಸಿಕೊಳ್ಳುವ ಜನ ನಮ್ಮವರು. ಆಪರೇಷನ್ ಟೇಬಲ್ಲಿನ ಮೇಲೂ ಮರ್ಯಾದೆ ಬಿಟ್ಟಿರಲಿಲ್ಲ. ಅದನ್ನೆಲ್ಲ ಚೆಂದದ ಅಕ್ಷರದಲ್ಲಿ ಇಳಿಸಿದವಳು ನಾನು.

ಡಾಕ್ಟರಿಗೆ ಹೇಳಲು ಹೆದರಿಕೆಯಾಯಿತು. ಆದರೆ ಕಬಕದ ಹೆಂಗಸು ನಾಳೆ ಹಲ್ಲು ಕಚ್ಚಿ ಮಲಗುವುದನ್ನು ನೆನೆದು, ಕೆಲಸ ಹೋದರೂ ಹೋಗಲಿ ಎಂದು ಹೇಳಿಬಿಟ್ಟೆ. ಅವರು ಬಹಳ ಹೊತ್ತು ಪುಸ್ತಕದ ಹಾಳೆ ಮಗುಚಿದರು.

"ಎರಡು ತಿಂಗಳು ನಾವು ಅಳೆದದ್ದು ಇವರ ಮರ್ಯಾದೆಯನ್ನು ಮಾತ್ರ," ಅಂದರು ಕೊನೆಗೆ. "ನಾಳೆ ಬೆರೆಸಿಯೇ ಕೊಡುವ. ನೀನು ಸರಿಯಾಗಿ ಕೇಳು."

ಮರುದಿನ ಕಬಕದ ಹೆಂಗಸಿನ ಕೈಗೆ ನನ್ನ ಬೆರಳು ಕೊಟ್ಟೆ. "ನೋವಾದರೆ ಹೇಳಿ, ಹೇಳಲಿಕ್ಕೆ ಆಗದಿದ್ದರೆ ಇದನ್ನು ಹಿಚುಕಿ. ನೀವು ಹೇಳದಿದ್ದರೇ ಡಾಕ್ಟ್ರಿಗೆ ಬೇಜಾರಾಗುದು," ಅಂದೆ.

ಗಡ್ಡೆ ಹೊರಗೆ ಬಂತು, ಹೊಲಿಗೆ ಶುರುವಾಯಿತು. ಅವರ ಹಿಡಿತ ಸಡಿಲವಾಗಿಯೇ ಇತ್ತು. ಆದರೆ ಕಣ್ಣೀರು ಕಿವಿಯ ಕಡೆಗೆ ಇಳಿಯುತ್ತಿರುವುದನ್ನು ಕಂಡು ನಾನು ಅವರ ಮುಖದ ಹತ್ತಿರ ಬಗ್ಗಿದೆ.

"ನೋವು ಉಂಟಾ? ನಿಜ ಹೇಳಿ."

"ಇಲ್ಲ ಸಿಸ್ಟರ್, ಸತ್ಯವಾಗಿಯೂ ಇಲ್ಲ," ಅಂದರು. "ಏಳು ಹೆತ್ತೆ. ನೋವಾದರೆ ಹೇಳು ಅಂತ ಹೇಳಿದವರು ನೀವೇ ಮೊದಲು."

ಅದನ್ನು ಹೊಗಳಿಕೆಯೆಂದು ತೆಗೆದುಕೊಳ್ಳಲು ನನ್ನಿಂದಾಗಲಿಲ್ಲ. ಹಿಂದಿನ ದಿನದವರೆಗೆ ನಾನೂ ಯಾರಿಗೂ ಹಾಗೆ ಹೇಳಿರಲಿಲ್ಲ.